ಒಳಮೈಗೆ ಹೊಡೆದ ಔಷಧಿ

ನಮ್ಮದು ಲಾಂಡ್ರಿ. ಅಮ್ಮ ಒಗೆಯುತ್ತಾಳೆ, ನಾನು ಇಸ್ತ್ರಿ ಮಾಡುತ್ತೇನೆ, ತಮ್ಮ ವ್ಯಾನಿನಲ್ಲಿ ಮನೆಮನೆಗೆ ಬಟ್ಟೆ ಮುಟ್ಟಿಸುತ್ತಾನೆ. ಅವನಿಗೆ ಮೂವತ್ತು ದಾಟಿದರೂ ನಮಗೆ ಪುಟ್ಟನೇ. ಈ ಪುಟ್ಟ ಒಂದು ದಿನ, ನಾನು ಆಗಲೇ ಇಸ್ತ್ರಿ ಮಾಡಿಟ್ಟಿದ್ದ ಹೆಣ್ಣುಮಕ್ಕಳ ಪ್ಯಾಂಟೊಂದನ್ನು ತಂದು, "ಅಕ್ಕಾ, ಇದನ್ನ ಇನ್ನೊಂದ್ಸಲ ಮಾಡು" ಎಂದ. ಆಗಲೇ ನನಗೆ ವಿಷಯ ಅರ್ಥವಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಆ ಪ್ಯಾಂಟಿನ ಒಡತಿಗೆ ನಾವಿಟ್ಟ ಹೆಸರು ಹುಲ್ಲಿನವಳು. ಊರಾಚೆಯ ಹುಲ್ಲುಗಾವಲಿನಲ್ಲಿ ಯಾವ ಯಾವ ಗಿಡ ಬೆಳೆಯುತ್ತದೆಂದು ನೋಡಿ ಬರೆದುಕೊಳ್ಳುವುದು ಅವಳ ಕೆಲಸ. ಇಲ್ಲಿನ ಕೆಲಸ ಮುಗಿದಿತ್ತು, ಮುಂದಿನ ವಾರ ಬೇರೆ ಊರು. ಹೋಗುವ ಮುಂಚೆ ಒಮ್ಮೆ ಹುಲ್ಲುಗಾವಲು ತೋರಿಸುತ್ತೇನೆ, ಭಾನುವಾರ ಬೆಳಿಗ್ಗೆ ಬನ್ನಿ ಎಂದು ಅವಳೇ ಪುಟ್ಟನನ್ನು ಕರೆದಿದ್ದಳು. ಅವನು ಮನಸ್ಸಿನಲ್ಲಿರುವುದನ್ನು ಹೇಳಬೇಕೆಂದರೆ ಆ ಭಾನುವಾರವೇ, ಇಲ್ಲದಿದ್ದರೆ ಇಲ್ಲ.

ಅಡ್ಡ ನಿಂತವಳು ಅಮ್ಮ. ಹೋದ ವರ್ಷ ಪುಟ್ಟನ ಮಂಡಿಯ ಹಿಂದೆ ಒಂದು ಉಣ್ಣಿ ಕಚ್ಚಿ, ಅವನು ಜ್ವರದಲ್ಲಿ ವಾರಗಟ್ಟಲೆ ಹಾಸಿಗೆ ಹಿಡಿದಿದ್ದ. ಅಂದಿನಿಂದ ಅಮ್ಮನಿಗೆ ಹುಲ್ಲು ಕಂಡರಾಗದು. ಪುಟ್ಟನಿಗೂ ಒಳಗೊಳಗೇ ಪುಕಪುಕ, ಆದರೆ ಅವನು ಒಪ್ಪಿಕೊಳ್ಳುವ ಪೈಕಿಯವನಲ್ಲ.

"ಹುಲ್ಲಿಗೆ ಕಾಲಿಟ್ರೆ ಮನೆಗೆ ಕಾಲಿಡಬೇಡ" ಎಂದಳು ಅಮ್ಮ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಚಾರಣದ ಸಾಮಾನು ಮಾರುವ ಅಂಗಡಿಗೆ ಓಡಿದೆ. ಅಂಗಡಿಯವನು ಉಣ್ಣಿ ಹತ್ತದಂತೆ ಬಟ್ಟೆಗೆ ಸಿಂಪಡಿಸುವ ಔಷಧಿಯ ಬಾಟಲಿ ಕೊಟ್ಟು, "ಮೈಗಲ್ಲ, ಬಟ್ಟೆಗೆ ಮಾತ್ರ. ಅದೂ ಹೊರಮೈಗೆ. ಬಯಲಲ್ಲಿ ಹೊಡೀರಿ, ಪೂರ್ತಿ ಒಣಗಿದ ಮೇಲೇ ಹಾಕ್ಕೊಳ್ಳಿ, ಒಣಗೋವರೆಗೂ ಬೆಕ್ಕನ್ನ ಹತ್ರ ಬಿಡಬೇಡಿ" ಎಂದ.

"ನಮ್ಮನೇಲಿ ಬೆಕ್ಕಿಲ್ಲ, ಅಮ್ಮ ಇದ್ದಾಳೆ" ಎಂದೆ.

ಶನಿವಾರ ಸಂಜೆ ಹಿತ್ತಲಿನಲ್ಲಿ ಪುಟ್ಟನ ಅಂಗಿ, ಪ್ಯಾಂಟು, ಕಾಲುಚೀಲ, ಟೋಪಿ ಎಲ್ಲವನ್ನೂ ಹಗ್ಗಕ್ಕೆ ಹಾಕಿ ಔಷಧಿ ಹೊಡೆದೆ. ಅಮ್ಮ ಅಡುಗೆಮನೆಯ ಕಿಟಕಿಯಿಂದ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. "ಕಾಲರ್ ಬಿಟ್ಟೆ. ಮಂಡಿಗೆ ಇನ್ನೊಂದ್ಸಲ ಹೊಡಿ. ಕರ್ಚೀಫು?" ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತಾನಮ್ಮಾ ಎಂದು ನಾನು ಗದರಿದ ಮೇಲೆ ಸುಮ್ಮನಾದಳು. ಅಷ್ಟರಲ್ಲಿ ಬಾಟಲಿ ಖಾಲಿ.

ಭಾನುವಾರ ಬೆಳಿಗ್ಗೆ ಒಣಗಿದ ಬಟ್ಟೆ ತೆಗೆದು, ಎಂದಿನಂತೆ ಪ್ಯಾಂಟಿನ ಕಾಲೊಳಗೆ ಕೈಹಾಕಿ ಮಗುಚತೊಡಗಿದೆ. ಆಗ ಹೊಳೆಯಿತು. ಬಿಸಿಲಿಗೆ ಬಣ್ಣ ಮಾಸದಿರಲೆಂದು ನಾವು ಲಾಂಡ್ರಿಯವರು ಯಾವ ಬಟ್ಟೆಯನ್ನೇ ಆಗಲಿ ಒಳಮೈ ಹೊರಗೆ ಮಾಡಿಯೇ ಹಗ್ಗಕ್ಕೆ ಹಾಕುವುದು. ಹುಟ್ಟಿದಾಗಿನಿಂದ ಮಾಡಿದ ಕೆಲಸ, ಕೈ ತಾನಾಗಿ ಮಾಡಿಬಿಟ್ಟಿತ್ತು. ನಾನು ಹೊಡೆದ ಅಷ್ಟೂ ಔಷಧಿ ಹೋಗಿ ಕೂತದ್ದು ಒಳಮೈಯಲ್ಲಿ!

ಹೇಳದೆ ಗತಿಯಿರಲಿಲ್ಲ. ಅಮ್ಮ ಸೊಂಟದ ಮೇಲೆ ಕೈಯಿಟ್ಟು, "ಕಚ್ಚೋದು ಹೊರಗಿಂದ, ಔಷಧಿ ಒಳಗೆ. ಉಣ್ಣಿ ಏನು ಬಾಗಿಲು ತಟ್ಟಿ ಒಳಗೆ ಬರುತ್ತಾ? ಹೋಗೋದು ಬೇಡ" ಎಂದಳು. ಇನ್ನೊಂದು ಬಾಟಲಿ ತರೋಣವೆಂದರೆ ಅಂಗಡಿ ತೆರೆದಿಲ್ಲ, ತೆರೆದರೂ ಒಣಗಲು ಹೊತ್ತಿಲ್ಲ. ನನಗೆ ನನ್ನ ಕೈಗೇ ಎರಡು ಬಾರಿಸಬೇಕೆನಿಸಿತು.

ಪುಟ್ಟ ಬಟ್ಟೆಯನ್ನು ನೋಡಿದ, ಅಮ್ಮನನ್ನು ನೋಡಿದ, ಎಲ್ಲವನ್ನೂ ಬಾಚಿಕೊಂಡು ಕೋಣೆಗೆ ಹೋದ. ಹೊರಬಂದಾಗ ಅಂಗಿ ಒಳಹೊರಗು, ಪ್ಯಾಂಟು ಒಳಹೊರಗು. ಹೊಲಿಗೆಗಳೆಲ್ಲ ಕಾಣುತ್ತಿದ್ದವು, ಕತ್ತಿನ ಹಿಂದೆ ಅಂಗಿಯ ಚೀಟಿ ಎದ್ದು ನಿಂತಿತ್ತು, ಸೊಂಟದ ಎರಡೂ ಕಡೆ ಬಿಳಿ ಜೇಬುಗಳು ಮೇಕೆಯ ಕಿವಿಗಳ ಹಾಗೆ ಜೋತಾಡುತ್ತಿದ್ದವು.

"ಔಷಧಿ ಈಗ ಹೊರಗಿದೆ. ಹೋಗ್ಲಾ?" ಎಂದ.

ನಾನು ಇಸ್ತ್ರಿ ಮೇಜು ಹಿಡಿದುಕೊಂಡು ನಕ್ಕೆ. ಅಮ್ಮ ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಮೇಲೆ ಮುಖ ಗಂಟು ಹಾಕಿಕೊಂಡು, "ನಾನೂ ಬರ್ತೀನಿ. ವ್ಯಾನಲ್ಲೇ ಕೂತಿರ್ತೀನಿ" ಎಂದಳು. ಅವಳು ಹೊರಟ ಮೇಲೆ ನಾನು ಬಿಡುತ್ತೇನೆಯೇ?

ಹುಲ್ಲುಗಾವಲಿನ ಅಂಚಿನಲ್ಲಿ ವ್ಯಾನು ನಿಲ್ಲಿಸಿದೆವು. ಹುಲ್ಲಿನವಳು ಕಾಲುದಾರಿಯಲ್ಲಿ ಕಾಯುತ್ತಿದ್ದಳು. ಕಿಟಕಿ ಇಳಿಸಿದ್ದರಿಂದ ನಮಗೆ ಎಲ್ಲವೂ ಕೇಳುತ್ತಿತ್ತು. ಕೇಳಲೆಂದೇ ಇಳಿಸಿದ್ದು.

"ಇದೇನ್ರೀ ಇದು?" ಎಂದಳು.

"ನಮ್ಮಕ್ಕ ಔಷಧಿ ಒಳಗಡೆ ಹೊಡೆದುಬಿಟ್ಟಿದ್ಲು. ಹೀಗೆ ಬರದಿದ್ರೆ ಬರೋಕೇ ಆಗ್ತಿರಲಿಲ್ಲ. ನಂಗೆ ಬರಲೇಬೇಕಿತ್ತು."

ಅವಳು ನಕ್ಕಳು ನೋಡಿ, ನಿಲ್ಲಲಾಗದೆ ದಾರಿಯಲ್ಲೇ ಕುಕ್ಕರಿಸಿದಳು. ಆ ನಗುವಿನಲ್ಲಿ ಗೇಲಿ ಇರಲಿಲ್ಲ. ಎದ್ದು ಕಣ್ಣೊರೆಸಿಕೊಂಡು ಹುಲ್ಲಿಗೆ ಇಳಿದಳು. ಪುಟ್ಟ ದಾರಿಯ ಅಂಚಿನಲ್ಲೇ ನಿಂತುಬಿಟ್ಟ. ವ್ಯಾನಿನಲ್ಲಿ ಅಮ್ಮ ನನ್ನ ತೋಳು ಹಿಂಡುತ್ತಿದ್ದಳು. ಆಮೇಲೆ ಅವನು ಕಣ್ಣು ಮುಚ್ಚಿಕೊಂಡು ಕಾಲಿಟ್ಟ. ಹುಲ್ಲು ಮಂಡಿಯವರೆಗೂ ಬಂತು.

ನಮ್ಮ ಪುಟ್ಟನಿಗೆ ನಾಚಿಕೆಯಾದರೆ ಕೈಗಳು ಜೇಬಿಗೆ ಓಡುತ್ತವೆ. ಅಂದೂ ಓಡಿದವು. ಆದರೆ ಜೇಬಿನ ಬಾಯಿ ಒಳಗೆ ಸೇರಿಕೊಂಡಿತ್ತು. ಕೈ ತೊಡೆಯ ಮೇಲೆಲ್ಲ ತಡಕಾಡಿ, ಏನೂ ಸಿಗದೆ ಗಾಳಿಯಲ್ಲಿ ಉಳಿಯಿತು. ಹುಲ್ಲಿನವಳು ಅದನ್ನು ಹಿಡಿದುಕೊಂಡಳು.

"ಮುಂದಿನ ವಾರ... ನೀವಿರೋ ಊರಿಗೂ ಬರ್ಲಾ?" ಎಂದ ಪುಟ್ಟ.

"ಹೀಗೇ ಬರೋದಾದ್ರೆ ಬನ್ನಿ" ಎಂದಳು ಅವಳು.

ಸಂತೋಷಕ್ಕೆ ನಾನು ಹಾರ್ನ್ ಒತ್ತಿಯೇಬಿಡುತ್ತಿದ್ದೆ. ಅಮ್ಮ ನನ್ನ ಕೈ ಹಿಡಿದು ತಡೆದಳು. ಅವಳ ಕಣ್ಣು ಹುಲ್ಲಿನವಳ ಪ್ಯಾಂಟಿನ ಮೇಲಿತ್ತು.

"ಅವಳದ್ದಕ್ಕೆ ಔಷಧಿ ಹೊಡೆದಿದ್ದಾರೋ ಇಲ್ವೋ" ಎಂದಳು. "ನಾಳೆ ಅಂಗಡಿ ತೆಗೆದ ತಕ್ಷಣ ದೊಡ್ಡ ಬಾಟಲಿ ತಗೊಂಡು ಬಾ."

"ಅವಳು ಊರು ಬಿಡ್ತಾಳಲ್ಲಮ್ಮಾ."

"ಬಿಡಲಿ, ಔಷಧಿ ಹೊಡೆದೇ ಕಳಿಸೋಣ. ನಮ್ಮ ಮನೆ ಹುಡುಗಿಗೆ ಉಣ್ಣಿ ಕಚ್ಚಬಾರದು."