ಆವಾಜ ಬಂದ್ ಮಾಡಿ ನೋಡಿದ ವಿಡಿಯೋ

ನಾನು ಸಿದ್ದೇಶ್ವರಿ. ಬೀದರದಾಗ ಒಂದು ಹೆಣ್ಮಕ್ಕಳ ಕಾಲೇಜಿನ ಲೈಬ್ರರಿ ಹದಿನಾಲ್ಕು ವರ್ಷದಿಂದ ನಾನೇ ನೋಡ್ಕೋತೇನಿ. ಓದೋ ಖೋಲಿಯಾಗ ಆವಾಜ ಮಾಡ್ದವರನ್ನ ಬಿಟ್ಟಿದ್ದೇ ಇಲ್ಲರಿ. ಫೋನ್ ರಿಂಗ್ ಆತು ಅಂತ ಪ್ರಿನ್ಸಿಪಾಲರನ್ನೇ ಒಮ್ಮೆ ಹೊರಗ ಕಳಿಸೇನಿ.

ಹೋದ ತಿಂಗಳ ಒಂದು ಕಂಪನಿಯವರು ತಮ್ಮ ವಿಡಿಯೋ ಭಂಡಾರ ಮೂವತ್ತು ದಿನ ಪುಕ್ಕಟೆ ಕೊಟ್ರು. ಅಡಿಗಿ, ಆರೋಗ್ಯ, ಕೂಸಿನ ಆರೈಕಿ ಅಂತ ಎರಡು ಸಾವಿರ ಪಾಠ, ಮಾತು ಇಂಗ್ಲಿಷಿನ್ಯಾಗ, ಕೆಳಗ ಕನ್ನಡ ಅಕ್ಷರ. ವರ್ಷದ ಚಂದಾ ಕಟ್ಟಬೇಕೋ ಬ್ಯಾಡೋ ಅಂತ ನಾ ಪರೀಕ್ಷಾ ಮಾಡಿ ಬರ್ದು ಕೊಡ್ಬೇಕಾಗಿತ್ತು. ಐವತ್ತು ವಿಡಿಯೋ ನೋಡ್ದೆ, ಛಲೋ ಅದ ಅಂತ ಸಹಿ ಹಾಕ್ದೆ. ಹುಡುಗಿಯರಿಗೆಲ್ಲಾ ಒಂದೇ ಪಾಸ್‌ವರ್ಡ್ ಬೋರ್ಡಿನ ಮ್ಯಾಲ ಬರ್ದೆ. "ಊರಿಗಿ ಹೋದ್ರೂ ನೋಡ್ರೆವಾ. ಅದ್ರಾಗ ಬರ್ದಂಗೇ ಮಾಡ್ರಿ, ನಿಮ್ಮ ಶ್ಯಾಣೇತನ ಬ್ಯಾಡ" ಅಂತ ಹೇಳೂ ಹೇಳ್ದೆ.

ಇವತ್ತು ಮುಂಜಾನೆ ಕಾಜಲ ಮೆಸೇಜ್ ಹಾಕಿದ್ಲು. ಬಿ.ಎ. ಮೊದಲನೇ ವರ್ಷದಾಕಿ, ಔರಾದ ಕಡಿ ಎಕಂಬಾದಾಕಿ. "ಮೇಡಂ, ಅಕ್ಕನ ಕೂಸಿಗಿ ಭೇದಿ ಹತ್ಯಾದರಿ. ಎಂಟು ತಿಂಗಳದ್ದು. ನಿಮ್ಮ ವಿಡಿಯೋ ನೋಡಿ ಉಪ್ಪು ಸಕ್ಕರಿ ನೀರು ಮಾಡ್ಲಿಕತ್ತೇನಿ."

"ಶಾಬಾಸ್" ಅಂತ ಬರ್ದೆ.

ಆಗ ಇಂಗ್ಲಿಷ್ ಕಲಿಸೋ ಮುಸರ್ರತ ಬಂದ್ಲು. ಕಾಜಲನ ಮೆಸೇಜ್ ತೋರ್ಸ್ದೆ. ಖೋಲಿ ಖಾಲಿ ಇತ್ತು, ಆಕಿ ಅದೇ ವಿಡಿಯೋ ಹಚ್ಚಿ ಆವಾಜ ಏರಿಸಿದ್ಲು. "ಬಂದ್ ಮಾಡ ಅದನ್ನ!" ಅಂತ ಬೈದೆ. ಆಕಿ ಬಂದ್ ಮಾಡ್ಲಿಲ್ಲ, ಹಿಂದಕ್ಕ ಒಯ್ದು ಅದನ್ನೇ ಮತ್ತ ಹಚ್ಚಿದ್ಲು.

"ಬಾಯಿಲೆ ಹೇಳೋದು ಒಂದು ಲೀಟರ್ ನೀರಿಗಿ ಆರು ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು. ಕೆಳಗ ಆರು ಚಮಚ ಉಪ್ಪು, ಅರ್ಧ ಚಮಚ ಸಕ್ಕರಿ ಅಂತ ಬರ್ದಾರ. ಅಷ್ಟು ಉಪ್ಪು ಕೂಸಿನ ಜೀವಕ್ಕೇ ಕುತ್ತು. ನೀ ಕೇಳಿಲ್ಲೇನ ಸಿದ್ದು?"

ಎಲ್ಲಿ ಕೇಳ್ತೇನಿ? ಐವತ್ತೂ ವಿಡಿಯೋ ಆವಾಜ ಬಂದ್ ಮಾಡೇ ನೋಡಿದ್ದೆ, ನನ್ನ ಲೈಬ್ರರಿಯಾಗ ಆವಾಜ ಇರಂಗಿಲ್ಲಲ್ಲ! ಈ ವಿಡಿಯೋದ ಕೆಳಗಿನ ಅಕ್ಷರಾನೂ ಓದಿದ್ದೆ. ಕಾಗುಣಿತ ತಪ್ಪಿಲ್ಲ ಅಂತ ಖುಷಿಪಟ್ಟಿದ್ದೆ.

ಕಾಜಲಗ ಫೋನ್ ಹಚ್ಚಿದೆ. ಹತ್ತಲಿಲ್ಲ. ಮತ್ತ ಹಚ್ಚಿದೆ. ಆಟೋ ಹಿಡಿದು ಸ್ಟ್ಯಾಂಡಿಗಿ ಓಡಿ ಔರಾದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಫೋನ್ ಹಚ್ಚತಾನೇ ಇದ್ದೆ. ಕಾಜಲ ಆ ನೀರು ಚಮಚದಿಂದ ಕೂಸಿನ ಬಾಯಿಗಿ ಹಾಕೋದೇ ಕಣ್ಣಮುಂದ. ದೇವ್ರೇ, ಕಾಜಲ ಇವತ್ತೊಂದಿನ ನನ್ನ ಮಾತು ಕೇಳಬಾರದಪ್ಪಾ ಅಂತ ಬೇಡ್ಕೊಂಡೆ.

ಸಂತಪುರ ದಾಟಿದ ಮ್ಯಾಲ ಫೋನ್ ಹತ್ತಿತು. ಎತ್ತಿದಾಕಿ ಕಾಜಲನ ಅಜ್ಜಿ ಕಸ್ತೂರಿಬಾಯಿ.

"ಕಾಲೇಜಿನ ಲೈಬ್ರರಿ ಮೇಡಂ ಮಾತಾಡ್ಲಿಕತ್ತೇನಿ, ಕೂಸು ಹ್ಯಾಂಗದರಿ? ಆ ನೀರು ಕುಡಿಸಿದ್ರೇನು?"

"ಆ ನೀರಾ? ಥೂ! ನಾ ಮೊದಲ ಬಾಯಾಗ ಹಾಕ್ಕೊಂಡು ನೋಡಿ ಅಂಗಳಕ್ಕ ಚೆಲ್ಲಿದೆ. ಕಾಜಲಗ ಎರಡು ಬಾರಿಸೀನಿ. ಕೂಸಿಗಿ ಏನು ಕೊಟ್ರೂ ದೊಡ್ಡವರು ರುಚಿ ನೋಡಿ ಕೊಡ್ಬೇಕು, ಅಷ್ಟೂ ಗೊತ್ತಿಲ್ಲೇನವಾ ನಿಮ್ಮ ಕಾಲೇಜಿನವರಿಗಿ? ಔರಾದ ದವಾಖಾನಿಗಿ ತಂದೇವಿ. ಸಲಾಯಿನ್ ಹಚ್ಯಾರ."

ಹಿಂದ ಕೂಸು ಅಳೋದು ಕೇಳಿಸ್ತು. ಬಸ್ಸಿನ್ಯಾಗ ಎಲ್ಲಾರ ಮುಂದ ನಾನೂ ಅತ್ತೆ. ಸಾಕಾಗೂತನಕ ಅತ್ತೆ.

ಆಮ್ಯಾಲ ಹೋದ ವಾರ ಪ್ರಿನ್ಸಿಪಾಲರಿಗಿ ಕೊಟ್ಟ ವರದಿ ನೆನಪಾತು. ಜಂಬದಿಂದ ಬರ್ದಿದ್ದೆ: ಈ ಒಂದೇ ವಿಡಿಯೋ ಅರವತ್ಮೂರು ಸಲ ನೋಡ್ಯಾರ. ಪಾಸ್‌ವರ್ಡ್ ಎಲ್ಲಾರದೂ ಒಂದೇ, ಯಾರು ನೋಡ್ಯಾರ ಅಂತ ಹ್ಯಾಂಗ ತಿಳೀತದ? ಬೀದರ, ಭಾಲ್ಕಿ, ಔರಾದ, ಮೂರೂ ಕಡಿ ಹುಡುಗಿಯರಿದ್ದಾರ. ಎಲ್ಲಾರ ಮನ್ಯಾಗೂ ಕಸ್ತೂರಿಬಾಯಿ ಇರ್ತಾಳೇನು?

ಕಂಪನಿಯವರಿಗಿ ಫೋನ್ ಮಾಡಿ ವಿಡಿಯೋ ತೆಗಿಸಿದೆ. ಮುಸರ್ರತ ಅಡ್ಮಿಶನ್ ಪಟ್ಟಿ ಕಳಿಸ್ಯಾಳ, ನಾಲ್ಕುನೂರಾ ಹನ್ನೆರಡು ಹೆಸರು. ಔರಾದ ಸ್ಟ್ಯಾಂಡಿನ ಕಟ್ಟಿ ಮ್ಯಾಲ ಕುಂತು ಮೊದಲನೇ ನಂಬರ್ ಹಚ್ಚೇನಿ. ಭಾಲ್ಕಿ ಹುಡುಗಿ, ಶಿವಾನಿ. ಮನ್ಯಾಗ ತಮ್ಮ ಹುಟ್ಯಾನ ಅಂತ ಪೇಢಾ ತಂದಾಕಿ.

ರಿಂಗ್ ಆಗ್ಲಿಕತ್ತದ. ಯಾರೂ ಎತ್ತವಲ್ಲರು.