ಮನೆ ಕೊಂಡಾಗ ಜೊತೆಗೆ ಬಂದವಳು

ತೆರೆಯ ಮೇಲಿನ ಗಂಡ ಬಾಯಿ ತೆರೆಯುವ ಮೊದಲೇ ಟೋಂಚಿ ಅವನ ಮಾತನ್ನು ಆಡಿ ಮುಗಿಸಿದ: "ಅವಳನ್ನೇನು ಕೇಳ್ತೀರಿ? ಮನೆ ಕೊಂಡಾಗ ಜೊತೆಗೆ ಬಂದವಳು ಅವಳು!"

ಥೇಟ್ ಅಪ್ಪನದೇ ಧ್ವನಿ. ತಂಗಿ ನೆವೆಂಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಅಪ್ಪ ಯೋಸೊ ತೀರಿಕೊಂಡು ತಿಂಗಳಾಗಿತ್ತು. ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ, ಮಧ್ಯಾಹ್ನ ಸುಟ್ಟ ಮೀನಿನ ಊಟ ಮಾಡಿ, ಅಪ್ಪನಿಗೆ ಇಷ್ಟವಾದ ಸಿನಿಮಾ ನೋಡೋಣವೆಂದು ಮಕ್ಕಳಿಬ್ಬರೇ ತೀರ್ಮಾನಿಸಿದ್ದರು.

ಅದು ಅವರಮ್ಮ ಝೋರ್ಕಾಳಿಗೂ ಇಷ್ಟದ್ದೇ. ಮದುವೆಯಾಗಿ ಪರದೇಶದ ಈ ಬಂದರು ಊರು ಪೋರ್ಟ್ ಲಿಂಕನ್ನಿಗೆ ಬಂದ ವರ್ಷ, ಕಾರಿನಲ್ಲಿ ಕೂತೇ ನೋಡುವ ಬಯಲು ಟಾಕೀಸಿನಲ್ಲಿ, ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತಿದ್ದರೂ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಆಮೇಲೆ ಯೋಸೊ ಟ್ಯೂನಾ ದೋಣಿಯಿಂದ ಇಳಿದಾಗಲೆಲ್ಲ ಸಿನಿಮಾದ ಆ ಮಾತೂ ಅವನ ಜೊತೆ ಮನೆಗೆ ಬರತೊಡಗಿತು. ಅವಳನ್ನು ತೋರಿಸಿ ಬ್ಯಾಂಕಿನಲ್ಲಿ ಆಡಿದ. ಡಾಕ್ಟರ ಮುಂದೆ ಆಡಿದ. ಮಗಳ ಮದುವೆಯಲ್ಲಿ ಮೈಕ್ ಹಿಡಿದು ಆಡಿದ. ಮೂವತ್ತೆಂಟು ವರ್ಷ.

ಇವತ್ತು ಝೋರ್ಕಾಳ ಕಣ್ಣು ಸಿನಿಮಾದ ಹೆಂಡತಿಯ ಮೇಲೆ ನಿಂತಿತು. ಅತಿಥಿಗಳೆಲ್ಲ ಬಿದ್ದು ಬಿದ್ದು ನಗುವಾಗ ಆ ಹೆಂಗಸು ಮೂಲೆಯಲ್ಲಿ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು. ಇಷ್ಟು ಸಲ ನೋಡಿದ್ದರೂ ಅದು ಕಂಡಿರಲಿಲ್ಲ.

ಟೋಂಚಿ ದೃಶ್ಯವನ್ನು ಹಿಂದಕ್ಕೆ ಓಡಿಸಿದ. "ಇನ್ನೊಂದ್ಸಲ. ಇದು ಅಪ್ಪನಿಗೋಸ್ಕರ."

"ಆಫ್ ಮಾಡೋ."

"ಯಾಕಮ್ಮ, ಅಳು ಬಂತಾ?"

"ಅಳೂ ಇಲ್ಲ, ಮಣ್ಣೂ ಇಲ್ಲ. ಕೇಳಿ ಕೇಳಿ ಸಾಕಾಗಿದೆ ಕಣೋ."

ನೆವೆಂಕಾಳ ನಗು ನಿಂತಿತು. "ಎಲ್ಲರಿಗಿಂತ ಮೊದಲು ನಗ್ತಿದ್ದಿದ್ದು ನೀನೇ ಅಲ್ವಾ?"

"ಹೂಂ. ನಾವೇ ಮೊದಲು ನಕ್ಕುಬಿಟ್ರೆ, ಉಳಿದವರು ನಗೋದು ಅಷ್ಟಾಗಿ ಕೇಳಿಸಲ್ಲ."

"ತಮಾಷೆಗೆ ಅಂತಿದ್ರಮ್ಮ ಅಪ್ಪ," ಎಂದ ಟೋಂಚಿ. ಈಗ ಅವನ ಧ್ವನಿ ಅವನದೇ ಆಗಿತ್ತು.

"ಗೊತ್ತು. ಕೆಟ್ಟವನಲ್ಲ ಅವನು. ನಂಗೆ ಸುಸ್ತಾಗಿದೆ, ಅಷ್ಟೆ."

ಟೋಂಚಿ ಟೀವಿ ಆರಿಸಿದ. ರಿಮೋಟನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಕೂತ. ತಲೆ ಎತ್ತದೆಯೇ ಕೇಳಿದ: "ನಿಂಗೆ ಏನು ನೋಡೋಕೆ ಇಷ್ಟ? ಹೇಳು, ಹಾಕ್ತೀನಿ."

"ನಂಗಾ?"

ಝೋರ್ಕಾ ಯೋಚಿಸಿದಳು. ಬೇಗ ಏನಾದರೊಂದು ಹೇಳಿ ಮುಗಿಸೋಣವೆನ್ನಿಸಿತು, ಏನೂ ಹೊಳೆಯಲಿಲ್ಲ. "ತಡಿ," ಎಂದಳು.

ಮಕ್ಕಳಿಬ್ಬರೂ ಕಾದರು. ಕೊಲ್ಲಿಯ ಕಡೆಯಿಂದ ಗಾಳಿ ಎದ್ದಿತ್ತು. ಕಿಟಕಿಯ ಪರದೆ ಉಬ್ಬಿತು, ತಗ್ಗಿತು, ಮತ್ತೆ ಉಬ್ಬಿತು.