ನಾಲ್ಕನೇ ಟ್ಯೂನಿನಡಿಯ ಸದ್ದು

ಮತ್ತೆ ಅದೇ, ಧಪ್ ಧಪ್, ಇಯರ್‌ಫೋನಿನೊಳಗೆ, ತಂತಿಯ ಸದ್ದಲ್ಲ ಇದು, ತಂತಿಯಾದರೆ ಗುಂಯ್ ಎಂದು ಎಳೆಯಬೇಕು, ಇದು ಮೆತ್ತಗೆ ಬಿದ್ದು ಅಲ್ಲೇ ಉಡುಗಿಹೋಗುತ್ತದೆ, ಬಸ್ಸಿನ ಗಾಲಿ ಗುಂಡಿಗಿಳಿದಿರಬೇಕು ಎಂದುಕೊಂಡಳು ಆತಿಫಾ, ಆದರೆ ಶಿಕಾರಿಪುರ ಬಿಟ್ಟ ಬಸ್ಸು ಶಿರಾಳಕೊಪ್ಪದಲ್ಲಿ ನಿಂತೇ ಇದೆ, ಡ್ರೈವರ್ ಕೆಳಗಿಳಿದು ಟೀ ಕುಡಿಯುತ್ತಿದ್ದಾನೆ, ಸದ್ದು ಮಾತ್ರ ನಿಂತಿಲ್ಲ. ಪಕ್ಕದಲ್ಲಿ ಅಣ್ಣ ಸಿಕಂದರ್ ಕಣ್ಣು ಮುಚ್ಚಿ ಕೂತಿದ್ದಾನೆ, ನಿದ್ದೆಯಂತೆ ನಿದ್ದೆ, ಕಳ್ಳ, ರೆಪ್ಪೆ ಸಂದಿಯಿಂದ ತಂಗಿಯ ಮುಖ ನೋಡುತ್ತಿದ್ದಾನೆ. ಹಿಂದಿನ ಸೀಟಿನ ಉದ್ದಕ್ಕೂ ಅವನ ಬೇಸ್, ಆಳೆತ್ತರದ ಪಿಟೀಲಿನಂಥದ್ದು, ಚೀಲ ಹೊದ್ದು ಮಲಗಿದೆ, ಒಳಗೆ ಯಾರನ್ನಾದ್ರೂ ಮಲಗಿಸಿಲ್ಲ ತಾನೇ ಸಾಬ್ರೇ ಅಂದ ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದ. ಜಾಝ್ ಅಂತೆ. ಪಿಂಜಾರರ ಮನೆಯಲ್ಲಿ ಹುಟ್ಟಿ, ಹತ್ತಿ ಹಿಂಜುವ ಬಿಲ್ಲಿನ ಒಂದೇ ತಂತಿ ಕೇಳಿ ಬೆಳೆದವನು, ಬೇಸ್ ಹಿಡಿದು ಮುಂಬಯಿ ಸೇರಿದ, ಸಿನಿಮಾಗಳಿಗೆ ಹಿನ್ನೆಲೆ ಸಂಗೀತ ಕಟ್ಟಿದ, ಈಗ ಅವನ್ನೆಲ್ಲ ಒಟ್ಟು ಮಾಡಿ ಆಲ್ಬಂ, ಇವತ್ತು ಸೊರಬದಲ್ಲಿ ಡೈರೆಕ್ಟರ್ ಪರಶುರಾಮ ಹಾಲ್ ತುಂಬ ಜನ ಸೇರಿಸಿ ಕೇಳಿಸುತ್ತಾನಂತೆ, ಮೊದ್ಲು ನೀನು ಕೇಳು ಆತಿಫಾ, ನೀನು ಹೂಂ ಅಂದ್ರೆ ಸರಿ, ಇಲ್ಲಾಂದ್ರೆ ನಾಲ್ಕನೇ ಟ್ಯೂನ್ ತೆಗೆದುಬಿಡ್ತೀನಿ ಅಂದಿದ್ದ ಅಣ್ಣ. ಯಾಕೆ ನಾಲ್ಕನೆಯದು ಮಾತ್ರ? ಇಷ್ಟು ವರ್ಷ ಏನನ್ನೂ ಕೇಳದವನು ಈಗ ಯಾಕೆ ಕೇಳಬೇಕು?

ಪರಶುರಾಮನ ಸಿನಿಮಾದ್ದು ಇದು, ಮಗಳ ದಾರಿ ಕಾಯುವ ಮುದುಕಿಯ ದೃಶ್ಯಕ್ಕೆ ಮಾಡಿದ್ದು, ಅವ್ವ ಹೋದ ಮೇಲೆ ಮಾಡಿದ್ದು, ಅಲ್ಲೇ ಇರುವುದು ಕುತಂತ್ರ. ಅವ್ವ ತೀರಿಕೊಂಡ ಮಧ್ಯಾಹ್ನ ಇವನ ಕೈಯಲ್ಲಿ ಫೋನಿತ್ತು. ಆತಿಫಾ ಕಣ್ಣಾರೆ ಕಂಡಿದ್ದಾಳೆ, ಗಂಜಿ ತಟ್ಟೆ ಹಿಡಿದು ಬರುವಾಗ, ಅವ್ವನ ಬಾಯಿ ಅರ್ಧ ತೆರೆದೇ ಇತ್ತು, ಇವನು ಫೋನು ಜೇಬಿಗೆ ಇಳಿಸುತ್ತಿದ್ದ, ಹೋಗ್ಬಿಟ್ಲು ಕಣೆ, ನಿದ್ದೇಲೇ ಹೋದ್ಲು. ಫೋನ್ ಯಾಕೆ ಹಿಡ್ಕೊಂಡಿದ್ದೆ? ಟೈಮ್ ನೋಡ್ತಿದ್ದೆ. ಟೈಮ್ ನೋಡುವವನು ಹಾಗೆ ಬೆಚ್ಚುತ್ತಾನಾ, ಹತ್ತಿ ಧೂಳು ಕುಡಿದು ಕುಡಿದು ಬತ್ತಿದ ಎದೆ, ಅದರ ಕೊನೆಯ ಉಸಿರನ್ನು ಹಿಡಿದಿಟ್ಟುಕೊಂಡಿದ್ದಾನೆ, ಸಂತೆಗೆ ಹಾಕಿ ಮಾರುತ್ತಾನೆ, ಥೂ, ಇಲ್ಲ, ಇರಲಿಕ್ಕಿಲ್ಲ, ಒಡಹುಟ್ಟಿದವನು, ಅಷ್ಟು ಕೆಟ್ಟವನಲ್ಲ — ಧಪ್ ಧಪ್, ಇದರ ಮೇಲೆ ಬೇಸ್ ಮೆಲ್ಲಗೆ ಒಂದು ಸ್ವರ ಇಡುತ್ತದೆ, ಕಾಯುತ್ತದೆ, ಚೆನ್ನಾಗಿದೆ, ಹಾಳಾದ್ದು ಎಷ್ಟು ಚೆನ್ನಾಗಿದೆ, ಕಣ್ಣಲ್ಲಿ ನೀರು ಬರಿಸುವಷ್ಟು, ಆಗ ಅದರ ಹಿಂದೆ, ಬಲು ದೂರದಲ್ಲಿ, ಸ್ಟೀಲಿನ ಚೊಂಬು ಉರುಳಿದ ಸದ್ದು, ಆಮೇಲೆ ಒಂದು ಹೆಣ್ಣು ದನಿ, ಹೋಗ್ ಅತ್ಲಾಗೆ! ಅವತ್ತು ಅಡಿಗೆಮನೆಯಲ್ಲಿ ಬೆಕ್ಕು ಚೊಂಬು ಉರುಳಿಸಿತ್ತು, ಅದನ್ನು ಅಟ್ಟಿದವಳು ತಾನೇ, ಆ ದನಿ ತನ್ನದೇ.

ಇಯರ್‌ಫೋನ್ ಕಿತ್ತಳು. ಬಸ್ಸು ಹೊರಟಿತ್ತು, ಆಚೆ ಮೆಕ್ಕೆಜೋಳದ ಹೊಲಗಳು ಓಡುತ್ತಿದ್ದವು, ಯಾರು ನೋಡಿದರೂ ಸರಿ ಎಂದು ಅವನ ಭುಜ ಹಿಡಿದು ಅಲ್ಲಾಡಿಸಿದಳು, ನಾಚಿಕೆ ಆಗಲ್ವೇನೋ ನಿನಗೆ, ಹೆತ್ತವ್ವ ಸಾಯ್ತಿದ್ರೆ ರೆಕಾರ್ಡ್ ಮಾಡ್ತಾ ಕೂತಿದ್ದೆಯಾ? ಸಿಕಂದರ್ ಕಣ್ಣು ತೆರೆದು ತನ್ನ ಬೆರಳು ನೋಡಿಕೊಂಡ, ಹೂಂ ಕಣೆ, ಮಾಡ್ದೆ, ಉಸಿರು ಹಿಡಿಯಕ್ಕಲ್ಲ, ನಿನ್ನಾಣೆ, ಅವ್ವ ಸಾಯ್ತಾಳೆ ಅಂತ ನಂಗೆಲ್ಲಿ ಗೊತ್ತಿತ್ತು, ಅವಳ ಕೈ ಸದ್ದಿಗೆ ಮಾಡ್ದೆ. ಕೈಗಾ? ನೀನು ಗಂಜಿ ಕಾಯ್ಸಕ್ಕೆ ಹೋದ್ಯಲ್ಲ, ಆಗ ಅವ್ವ ಗಾದಿ ತಟ್ಟಿದ್ಲು, ಅಂಗಡೀಲಿ ಗಿರಾಕಿಗೆ ಕೊಡೋ ಮುಂಚೆ ಹತ್ತಿ ಗಂಟುಗಟ್ಟಿದ್ಯಾ ಅಂತ ಹುಡುಕ್ತಿದ್ಲಲ್ಲ, ಥೇಟ್ ಹಂಗೇ, ಈ ಗತಿಯಲ್ಲೂ ಕಸುಬು ಬಿಟ್ಟಿಲ್ಲ ನೋಡು ಅನ್ನಿಸ್ತು, ನಗು ಬಂತು, ಫೋನ್ ಆನ್ ಮಾಡ್ದೆ, ನಾನೂ ಅಲ್ಲಿ ಕೈಯಾಡಿಸಿ ಹತ್ತಿ ಸರಿಮಾಡ್ದೆ, ಗಂಟಿಲ್ಲ ಮಲಕ್ಕೋ ಅವ್ವ ಅಂದೆ, ಆದ್ರೂ ತಟ್ಟಿದ್ಲು, ಮತ್ತೆ ಮತ್ತೆ ಅದೇ ಜಾಗ.

ಯಾವ ಜಾಗ? ಗೋಡೆ ಕಡೆ, ತಲೆದಿಂಬಿನ ಹತ್ರ. ಅದು ಆತಿಫಾ ಕೂರುತ್ತಿದ್ದ ಜಾಗ, ದನಿ ಬಿದ್ದುಹೋದ ಆ ಕೊನೆಯ ತಿಂಗಳಲ್ಲಿ ಅವ್ವ ಹೆಸರು ಹಿಡಿದು ಕರೆದದ್ದೇ ಇಲ್ಲ, ಎರಡು ಸಲ ತಟ್ಟುತ್ತಿದ್ದಳು, ಇಲ್ಲಿ ಬಾ, ಕೂತ್ಕೋ ಎಂದು, ಆತಿಫಾಳನ್ನು ಮಾತ್ರ, ಬೇರೆ ಯಾರನ್ನೂ ಅಲ್ಲ, ಅವತ್ತು ಬೆಳಿಗ್ಗೆ ಮುಂಬಯಿಯಿಂದ ಬಂದಿಳಿದವನಿಗೆ ಅದು ಹೇಗೆ ಗೊತ್ತಾಗಬೇಕು, ಪಿಂಜಾರರ ಮಗ, ಗಾದಿ ತಟ್ಟಿದರೆ ಗಂಟನ್ನೇ ನೆನೆಯುತ್ತಾನೆ, ಬಯ್ದರೆ ಏನು ಬಂತು, ಹೇಳಿದರೆ ಈ ಜನ್ಮದಲ್ಲಿ ಮತ್ತೆ ತಂತಿ ಮುಟ್ಟುತ್ತಾನಾ? ಆತಿಫಾ, ಏನಾದ್ರೂ ಅನ್ನೇ, ಇವತ್ತು ಹಾಕೋದಾ, ಬೇಡ್ವಾ? ಹಾಕೋದಾ — ಹಾಲ್ ತುಂಬ ಜನ ಕೇಳುತ್ತಾರೆ, ಒಬ್ಬರಿಗೂ ತಿಳಿಯುವುದಿಲ್ಲ, ಅವ್ವ ಕರೆಯುತ್ತಾಳೆ, ಒಳಗಿನಿಂದ ಮಗಳು ಹೋಗ್ ಅತ್ಲಾಗೆ ಅನ್ನುತ್ತಾಳೆ, ಆಮೇಲೂ ಅವ್ವ ಕರೆಯುತ್ತಾಳೆ, ಧಪ್ ಧಪ್, ಗೋಡೆ ಕಡೆ, ಸುಕ್ಕುಗಟ್ಟಿದ ಅಂಗೈ, ಖಾಲಿ ಗಾದಿ, ಮತ್ತೆ ಅಂಗೈ…